ಊರನ್ನೇ ಎತ್ತಿ ನಿಲ್ಲಿಸಿದ ಊರವರು

ಮೂರು ಸಾವಿರ ಟನ್ ತೂಕದ ಚರ್ಚು. ಅದರ ಅಡಿಯಲ್ಲಿ 700 ಜಾಕಿಗಳನ್ನು ಸಾಲಾಗಿ ಕೂರಿಸಿ, ಕೆಲಸಗಾರರನ್ನು ಅವುಗಳ ಮುಂದೆ ನಿಲ್ಲಿಸಿದ್ದರು. ಸೂಚನೆ ಬಂದೊಡನೆ ಎಲ್ಲರೂ ಒಟ್ಟಿಗೆ ಕಾಲು ಸುತ್ತು ತಿರುಗಿಸಬೇಕು, ಅಲ್ಲಿಗೇ ನಿಲ್ಲಿಸಬೇಕು. ಮತ್ತೆ ಸೂಚನೆ, ಮತ್ತೆ ಕಾಲು ಸುತ್ತು. ಒಂದು ಮೂಲೆಯವರು ತುಸು ಆತುರಪಟ್ಟರೂ ಗೋಡೆ ಬಿರುಕು ಬಿಡುತ್ತದೆ. ಹೀಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೇರುತ್ತ ಆ ಸೇಂಟ್ ಪ್ಯಾಟ್ರಿಕ್ ಚರ್ಚು ಕೊನೆಗೆ ಐದು ಅಡಿ ಎತ್ತರಕ್ಕೆ ಬಂದು ನಿಂತಿತು. ಅಷ್ಟೂ ದಿನ ಒಳಗೆ ಪ್ರಾರ್ಥನೆ ಎಂದಿನಂತೆ ನಡೆದೇ ಇತ್ತು.

ಇದು ನಡೆದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ದ್ವೀಪನಗರದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಚಂಡಮಾರುತವೊಂದು ಆ ಊರನ್ನು ಬಡಿದ ನಂತರ. ಮೇಲೆತ್ತಿದ್ದು ಚರ್ಚೊಂದನ್ನೇ ಆಗಿದ್ದರೆ ಅದು ಎಂಜಿನಿಯರುಗಳ ಸಾಹಸಗಾಥೆಯಾಗಿ ಉಳಿಯುತ್ತಿತ್ತು. ಮನೆ, ಅಂಗಡಿ, ಶಾಲೆ, ಟ್ರಾಮ್ ಹಳಿ, ನೀರಿನ ಕೊಳವೆ, ಗ್ಯಾಸ್ ಕೊಳವೆ, ಕೊನೆಗೆ ಸ್ಮಶಾನದ ಸಮಾಧಿಕಲ್ಲುಗಳನ್ನೂ ಸೇರಿಸಿ ಇಡೀ ಊರನ್ನೇ ಎತ್ತಿ, ಅದರ ಕೆಳಗೆ ಮರಳು ತುಂಬಿಸಿದರು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳು ಜಾಕಿಯ ಮೇಲೇರಿದವು. ಒಂದೊಂದು ಮನೆಯನ್ನು ಎತ್ತುವ ಖರ್ಚು ಆಯಾ ಮನೆಯವರದೇ.

ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ರಸ್ತೆ ಮೇಲಾಗಿ ಮನೆ ಕೆಳಗಾದಾಗ, ಜಾಕಿ ಹಾಕಿಸಿ ಮನೆಯನ್ನು ಮೇಲೆತ್ತಿಸುವವರನ್ನು ನಾವು ಈಚೆಗೆ ನೋಡುತ್ತಿದ್ದೇವೆ. ಕೆಲಸ ಅದೇ. ಆದರೆ ಇಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಚಿಂತೆಯಲ್ಲಿ ಎತ್ತಿಸುತ್ತಾರೆ. ಅಲ್ಲಿ ಊರು ಕೂತು ನಿರ್ಧರಿಸಿ, ಬೀದಿಗೆ ಬೀದಿಯನ್ನೇ ಎತ್ತಿತು. ಚಂಡಮಾರುತದ ನಂತರದ ದುರಸ್ತಿ ಎಂದರೆ ಸರ್ಕಾರದ ಪರಿಹಾರದ ಚೆಕ್ಕು, ಮಂತ್ರಿಗಳ ವೈಮಾನಿಕ ಸಮೀಕ್ಷೆ ಎಂದಷ್ಟೇ ತಿಳಿದಿರುವ ನಮಗೆ ಈ ಕಥೆಯ ವಿವರಗಳು ಗೊತ್ತಿರಬೇಕು ಎಂಬುದು ನನ್ನ ಆಸೆ. ಅದರ ಹೆಮ್ಮೆಯ ಜೊತೆಗೆ ಅದರ ಕಳಂಕವೂ ಗೊತ್ತಿರಬೇಕು.

1900ರಲ್ಲಿ ಗ್ಯಾಲ್ವೆಸ್ಟನ್ನಿನಲ್ಲಿ ಸುಮಾರು 38,000 ಜನರಿದ್ದರು. ಮೆಕ್ಸಿಕೋ ಕೊಲ್ಲಿಯ ಅಂಚಿನಲ್ಲಿ ಉದ್ದಕ್ಕೆ ಚಾಚಿಕೊಂಡ ಮರಳಿನ ದ್ವೀಪ ಅದು. ಒಂದು ಕಡೆ ಕೊಲ್ಲಿಯ ತೆರೆದ ಕಡಲು, ಇನ್ನೊಂದು ಕಡೆ ಶಾಂತವಾದ ಹಿನ್ನೀರು. ಹತ್ತಿ ಸಾಗಣೆಯ ದೊಡ್ಡ ಬಂದರು. ಸ್ಟ್ರ್ಯಾಂಡ್ ಎಂಬ ಬೀದಿಯಲ್ಲಿ ಸಾಲುಸಾಲು ಬ್ಯಾಂಕು, ಮಂಡಿ, ಹಡಗು ಕಂಪನಿಗಳು. ಇಷ್ಟು ಸಿರಿವಂತ ಊರಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಬರೀ 8.7 ಅಡಿ ಮೇಲಿತ್ತು.

ಅಪಾಯ ಗೊತ್ತಿಲ್ಲದೆ ಇರಲಿಲ್ಲ. ಅದೇ ಟೆಕ್ಸಾಸ್ ಕರಾವಳಿಯ ಇಂಡಿಯಾನೋಲಾ ಎಂಬ ಬಂದರು ಪಟ್ಟಣವನ್ನು 1875ರಲ್ಲಿ ಒಂದು ಚಂಡಮಾರುತ ಬಡಿದು ಹಾಕಿತ್ತು. ಅಲ್ಲಿಯವರು ಮತ್ತೆ ಕಟ್ಟಿಕೊಂಡರು. 1886ರಲ್ಲಿ ಇನ್ನೊಂದು ಬಂತು. ಅಲ್ಲಿಗೆ ಆ ಊರೇ ಮುಗಿಯಿತು, ಉಳಿದವರು ಬಿಟ್ಟು ಹೋದರು. ಅದನ್ನು ಕಂಡು ಗ್ಯಾಲ್ವೆಸ್ಟನ್ನಿನವರು ಕಡಲಿಗೆ ತಡೆಗೋಡೆ ಕಟ್ಟುವ ಮಾತಾಡಿದರು, ಆಮೇಲೆ ಸುಮ್ಮನಾದರು. 1891ರಲ್ಲಿ ಸ್ಥಳೀಯ ಹವಾಮಾನ ಕಚೇರಿಯ ಮುಖ್ಯಸ್ಥ ಐಸಾಕ್ ಕ್ಲೈನ್ ಪತ್ರಿಕೆಯಲ್ಲಿ ಲೇಖನ ಬರೆದು, ಇಲ್ಲಿಗೆ ಅಂಥ ಬಿರುಗಾಳಿ ಬರುವುದಿಲ್ಲ ಎಂದು ಧೈರ್ಯ ಹೇಳಿದ್ದರು. ಬಲ್ಲವರೇ ಹೀಗೆ ಹೇಳಿದ ಮೇಲೆ ಖರ್ಚಿನ ಮಾತು ಯಾರಿಗೆ ಬೇಕು?

1900ರ ಸೆಪ್ಟೆಂಬರ್ 8, ಶನಿವಾರ. ಕಡಲು ಹದಿನೈದು ಅಡಿಗೂ ಮೇಲೆ ಉಕ್ಕಿತು. ಎಂಟು ಅಡಿಯ ಊರಿನ ಮೇಲೆ ಹದಿನೈದು ಅಡಿಯ ನೀರು ಎಂದರೆ ಲೆಕ್ಕ ತಾನೇ ತಿಳಿಯುತ್ತದೆ. ಒಡ್ಡಿನ ಹಾಗೆ ತಡೆಯುವಂಥದ್ದು ಏನೂ ಇರಲಿಲ್ಲ. ಸುಮಾರು 3,600 ಮನೆಗಳು ಹೋದವು. ಸತ್ತವರ ನಿಖರ ಲೆಕ್ಕ ಇಂದಿಗೂ ಸಿಕ್ಕಿಲ್ಲ. ಆರು ಸಾವಿರದಿಂದ ಹನ್ನೆರಡು ಸಾವಿರದವರೆಗೆ ಅಂದಾಜುಗಳಿವೆ, ಸಾಮಾನ್ಯವಾಗಿ ಎಂಟು ಸಾವಿರ ಎನ್ನುತ್ತಾರೆ. ಕಡಲ ದಂಡೆಯಲ್ಲಿದ್ದ ಸೇಂಟ್ ಮೇರೀಸ್ ಅನಾಥಾಲಯದಲ್ಲಿ 90 ಮಕ್ಕಳೂ ಹತ್ತು ಮಂದಿ ಸನ್ಯಾಸಿನಿಯರೂ ನೀರುಪಾಲಾದರು. ಬದುಕಿ ಬಂದದ್ದು ಮೂವರು ಹುಡುಗರು. ಐಸಾಕ್ ಕ್ಲೈನ್ ಅವರ ಗರ್ಭಿಣಿ ಪತ್ನಿಯೂ ಅಂದೇ ತೀರಿಕೊಂಡರು. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜನರನ್ನು ಕೊಂದ ಪ್ರಕೃತಿ ವಿಕೋಪ ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

ಒಂದು ವಿಷಯ ಗಮನಿಸಬೇಕು. ಕಡಲ ಕಡೆಯ ಮನೆಗಳು ಮುರಿದು, ಅವುಗಳ ತೊಲೆ, ಹಲಗೆ, ಛಾವಣಿ ಎಲ್ಲವನ್ನೂ ಅಲೆ ಒಳಕ್ಕೆ ತಳ್ಳುತ್ತ ಹೋಗಿ ಒಂದು ಕಡೆ ರಾಶಿ ಹಾಕಿತು. ಕೆಲವೆಡೆ ಎರಡು ಅಂತಸ್ತಿನಷ್ಟು ಎತ್ತರವಿದ್ದ ಆ ಅವಶೇಷದ ರಾಶಿಯೇ ಅಲೆಗೆ ಅಡ್ಡವಾಗಿ, ಅದರ ಹಿಂದಿದ್ದ ಮನೆಗಳು ಉಳಿದವು. ಗೋಡೆಯೊಂದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಬೇರೆ ಬೇಕಿರಲಿಲ್ಲ.

ಮರುದಿನವೇ ಊರಿನ ಮುಖಂಡರು ಸೇರಿ ಕೇಂದ್ರ ಪರಿಹಾರ ಸಮಿತಿ ಮಾಡಿಕೊಂಡರು. ಆಗ ಇಂದಿನ ಹಾಗೆ ವಿಪತ್ತು ನಿರ್ವಹಣೆಗೆಂದೇ ಇರುವ ಕೇಂದ್ರ ಸರ್ಕಾರದ ಇಲಾಖೆ ಇರಲಿಲ್ಲ. ಸೇನೆಯಿಂದ ಡೇರೆಗಳು ಬಂದವು, ರೆಡ್ ಕ್ರಾಸ್ ಸಂಸ್ಥೆಯ ಕ್ಲಾರಾ ಬಾರ್ಟನ್ ತಮ್ಮ 78ನೆಯ ವಯಸ್ಸಿನಲ್ಲಿ ಬಂದಿಳಿದರು, ದೇಶದ ಮೂಲೆಮೂಲೆಯಿಂದ ದೇಣಿಗೆ ಬಂತು. ಆದರೆ ಯಾವ ಬೀದಿಯಲ್ಲಿ ಯಾರಿಗೆ ಏನು ಬೇಕು ಎಂದು ನೋಡಿ ಹಂಚಿದ್ದು ವಾರ್ಡುವಾರು ಸ್ಥಳೀಯರೇ. ಮೊದಲ ವಾರದಲ್ಲೇ ಕುಡಿಯುವ ನೀರೂ ತಂತಿ ಸಂಪರ್ಕವೂ ಮರಳಿದವು. ಮೂರನೆಯ ವಾರಕ್ಕೆ ಟ್ರಾಮ್ ಓಡತೊಡಗಿ, ಬಂದರಿನಲ್ಲಿ ಸರಕು ಚಲಿಸಿತು.

ಬಾರ್ಟನ್ ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆ. ಉಪ್ಪುನೀರಿನಿಂದ ಬೆಳೆ ಹಾಳಾಗಿದ್ದ ಎದುರು ದಡದ ರೈತರಿಗೆ ಅವರು 15 ಲಕ್ಷ ಸ್ಟ್ರಾಬೆರಿ ಸಸಿಗಳನ್ನು ತರಿಸಿ ಹಂಚಿದರು. ಹೊಟ್ಟೆಗೆ ಕೊಡುವುದರ ಜೊತೆಗೆ ಮುಂದಿನ ಫಸಲಿಗೂ ಕೊಡಬೇಕು ಎಂಬ ತಿಳಿವಳಿಕೆ ಪರಿಹಾರ ಕೊಡುವವರಲ್ಲಿ ಇವತ್ತಿಗೂ ಅಪರೂಪ.

ಮನೆಗಳ ವಿಷಯದಲ್ಲೂ ಹಾಗೆಯೇ. ಸಮಿತಿ ಕೆಲವೇ ತಿಂಗಳಲ್ಲಿ ಸುಮಾರು 480 ಚಿಕ್ಕ ಮರದ ಮನೆಗಳನ್ನು ಕಟ್ಟಿಸಿತು. ಅಲಂಕಾರವೇನೂ ಇಲ್ಲದ, ಬಡ ಕುಟುಂಬವೊಂದು ಸಂಸಾರ ಹೂಡಬಹುದಾದ ಮನೆಗಳು. ಆತುರದಲ್ಲಿ ಕಟ್ಟಿದವಾದರೂ ಅವುಗಳಲ್ಲಿ ಕೆಲವು ಇಂದಿಗೂ ನಿಂತಿವೆ, ಜನ ವಾಸವಾಗಿದ್ದಾರೆ. ಅದಕ್ಕೂ ಕಾಯದೆ, ಬಿರುಗಾಳಿ ಬಿಟ್ಟುಹೋದ ರಾಶಿಯಿಂದಲೇ ಹಲಗೆ ಹೆಕ್ಕಿ, ಮೊಳೆ ಕಿತ್ತು ನೆಟ್ಟಗೆ ಮಾಡಿ ಮನೆ ಕಟ್ಟಿಕೊಂಡವರೂ ಬಹಳ. ಯಾರದೋ ಬಾಗಿಲು, ಇನ್ನಾರದೋ ಕಿಟಕಿ, ಮೂರನೆಯವರ ನೆಲಹಾಸು ಸೇರಿ ಒಂದು ಮನೆ. ಆ ಹಲಗೆಗಳ ಮಾಲೀಕರಲ್ಲಿ ಎಷ್ಟೋ ಮಂದಿ ಬದುಕಿರಲಿಲ್ಲ.

ಇಲ್ಲಿಯೇ ಕಳಂಕದ ಮಾತನ್ನೂ ಆಡಬೇಕು. ಶವಗಳನ್ನು ಸಮುದ್ರಕ್ಕೆ ಒಯ್ಯಲು ದೋಣಿಗೆ ತುಂಬುವ ಕೆಲಸಕ್ಕೆ ಕರಿಯ ಗಂಡಸರನ್ನು ಬಂದೂಕು ತೋರಿಸಿ ಎಳೆದುತಂದರು. ಕಡಲಲ್ಲಿ ಮುಳುಗಿಸಿದ ಶವಗಳು ಅಲೆಯೊಂದಿಗೆ ದಡಕ್ಕೆ ಮರಳಿದವು. ಕೊನೆಗೆ ಸಿಕ್ಕಸಿಕ್ಕಲ್ಲಿ ಚಿತೆ ಹೊತ್ತಿಸಬೇಕಾಯಿತು. ಕರಿಯರು ಶವಗಳ ಮೈಮೇಲಿನ ಒಡವೆ ದೋಚುತ್ತಿದ್ದಾರೆಂಬ ಸುಳ್ಳು ಸುದ್ದಿಗಳು ದೇಶದ ಪತ್ರಿಕೆಗಳಲ್ಲೆಲ್ಲ ಓಡಾಡಿದವು. ಗುಲಾಮಗಿರಿ ಮುಗಿಯಿತೆಂಬ ಆದೇಶವನ್ನು 1865ರ ಜೂನ್ 19ರಂದು ಟೆಕ್ಸಾಸಿನ ಜನರಿಗೆ ಸಾರಿದ್ದು ಇದೇ ಊರಿನಲ್ಲಿ. ಅಲ್ಲಿಂದ 35 ವರ್ಷ ಕಳೆದಿತ್ತು.

ನಂತರ ಬಂದ ಆಡಳಿತ ಸುಧಾರಣೆಯಲ್ಲೂ ಇದೇ ನೆರಳಿದೆ. ಊರಿನ ಖಜಾನೆ ಬರಿದಾಗಿತ್ತು. ಹಳೆಯ ಸಾಲದ ಬಡ್ಡಿಗೂ ದುಡ್ಡಿರಲಿಲ್ಲ. ವಾರ್ಡಿನಿಂದ ಆರಿಸಿ ಬರುವ ಸದಸ್ಯರ ಸಭೆಯಿಂದ ಇಷ್ಟು ದೊಡ್ಡ ಕೆಲಸ ಆಗದು ಎಂದು ಊರಿನ ದೊಡ್ಡ ವ್ಯಾಪಾರಿಗಳು ಹಟ ಹಿಡಿದರು. 1901ರಲ್ಲಿ ಐವರು ಆಯುಕ್ತರ ಆಡಳಿತ ಬಂತು. ಒಬ್ಬರಿಗೆ ಹಣಕಾಸು, ಒಬ್ಬರಿಗೆ ಪೊಲೀಸು ಮತ್ತು ಅಗ್ನಿಶಾಮಕ, ಒಬ್ಬರಿಗೆ ನೀರು ಮತ್ತು ಚರಂಡಿ ಎಂದು ಹೊಣೆ ಹಂಚಿಕೊಂಡು ಕೆಲಸ ಚುರುಕಾಯಿತು. ಅಮೆರಿಕದ ನೂರಾರು ನಗರಗಳು ಈ ಗ್ಯಾಲ್ವೆಸ್ಟನ್ ಮಾದರಿಯನ್ನು ಅನುಸರಿಸಿದವು. ಆದರೆ ವಾರ್ಡು ಹೋಗಿ ಇಡೀ ಊರೇ ಒಂದು ಮತಕ್ಷೇತ್ರವಾದಾಗ, ಕರಿಯರು ತಮ್ಮ ಕೇರಿಯಿಂದ ತಮ್ಮವನೊಬ್ಬನನ್ನು ಆರಿಸಿ ಕಳಿಸುವ ದಾರಿಯೂ ಮುಚ್ಚಿತು. ಊರನ್ನು ಎತ್ತಿದವರ ಸಾಧನೆಯನ್ನು ಮನಸಾರೆ ಮೆಚ್ಚುತ್ತಲೇ ಇದನ್ನೂ ಹೇಳದಿದ್ದರೆ ಕಥೆ ಅರ್ಧ ಸುಳ್ಳಾಗುತ್ತದೆ.

ಮುಂದೇನು ಮಾಡಬೇಕೆಂದು ಹೇಳಲು ಮೂವರು ಎಂಜಿನಿಯರುಗಳನ್ನು ಕರೆಸಿದರು: ಹೆನ್ರಿ ಮಾರ್ಟಿನ್ ರಾಬರ್ಟ್, ಆಲ್ಫ್ರೆಡ್ ನೋಬಲ್, ಎಚ್. ಸಿ. ರಿಪ್ಲಿ. ಇವರಲ್ಲಿ ರಾಬರ್ಟ್ ಸೇನೆಯಿಂದ ನಿವೃತ್ತರಾದ ಎಂಜಿನಿಯರ್. ಸಭೆಗಳನ್ನು ಹೇಗೆ ನಡೆಸಬೇಕು, ಯಾರು ಯಾವಾಗ ಮಾತಾಡಬೇಕು, ಠರಾವು ಹೇಗೆ ಮಂಡಿಸಬೇಕು ಎಂಬ ನಿಯಮಗಳ ಪುಸ್ತಕ ಬರೆದು 1876ರಲ್ಲಿ ಪ್ರಕಟಿಸಿದ್ದವರೂ ಅವರೇ. ಆ ಪುಸ್ತಕ ಇಂದಿಗೂ ಸಂಘಸಂಸ್ಥೆಗಳ ಕೈಪಿಡಿ. 1902ರ ಜನವರಿಯಲ್ಲಿ ಬಂದ ಅವರ ವರದಿ ಎರಡು ಮಾತು ಹೇಳಿತು. ಕಡಲಿಗೆ ಎದುರಾಗಿ ಮೂರು ಮೈಲಿಗೂ ಹೆಚ್ಚು ಉದ್ದದ, 17 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಕಟ್ಟಿ. ಅದರ ಹಿಂದಿನ ಊರನ್ನು ಆ ಗೋಡೆಗೆ ಸಮನಾಗಿ ಎತ್ತರಿಸಿ, ಹಿನ್ನೀರಿನ ಕಡೆಗೆ ಮೆಲ್ಲನೆ ಇಳಿಜಾರು ಕೊಡಿ.

ಎರಡನೆಯ ಮಾತೇ ಮುಖ್ಯವಾದದ್ದು. ಗೋಡೆಯೊಂದೇ ಆಗಿದ್ದರೆ ಅದರ ಮೇಲೆ ಹಾರಿದ ನೀರು ಒಳಗೇ ನಿಂತು ಊರು ಬಟ್ಟಲಾಗುತ್ತಿತ್ತು. ಗೋಡೆಯ ಬೆನ್ನಿಗೆ ಆಸರೆಯೂ ಇರುತ್ತಿರಲಿಲ್ಲ. ಬೆನ್ನಿಗೆ ಮಣ್ಣು ತುಂಬಿದ್ದರಿಂದ ಅಲೆಯ ಹೊಡೆತವನ್ನು ಗೋಡೆಯ ಜೊತೆ ನೆಲವೂ ತಾಳಿಕೊಂಡಿತು. ಹಾರಿ ಬಂದ ನೀರು ಇಳಿಜಾರಿನಲ್ಲಿ ಹರಿದು ಹಿನ್ನೀರು ಸೇರುವಂತಾಯಿತು.

ದುಡ್ಡೆಲ್ಲಿಂದ? ದಿವಾಳಿಯಾದ ನಗರಕ್ಕೆ ಸಾಲ ಕೊಡುವವರಿರಲಿಲ್ಲ. ಗೋಡೆಗಾಗಿ ಕೌಂಟಿ ಆಡಳಿತವು 15 ಲಕ್ಷ ಡಾಲರಿನ ಬಾಂಡುಗಳನ್ನು ಹೊರಡಿಸಿತು. ಮತದಾರರು ಹೆಚ್ಚುಕಡಿಮೆ ಒಮ್ಮತದಿಂದ ಒಪ್ಪಿದರು, ಊರಿನವರೇ ಕೈಯಲ್ಲಿದ್ದ ಹಣ ಹಾಕಿ ಬಾಂಡು ಕೊಂಡರು. ನೆಲ ಎತ್ತರಿಸುವ ಖರ್ಚಿಗೆ ಟೆಕ್ಸಾಸ್ ರಾಜ್ಯವು ತನಗೆ ಬರಬೇಕಿದ್ದ ತೆರಿಗೆಯ ದೊಡ್ಡ ಪಾಲನ್ನು ವರ್ಷಗಟ್ಟಲೆ ಬಿಟ್ಟುಕೊಟ್ಟಿತು. 1902ರ ಅಕ್ಟೋಬರಿನಲ್ಲಿ ಗೋಡೆಯ ಮೊದಲ ಕಂಬ ನೆಲಕ್ಕಿಳಿಯಿತು. 1904ರ ಜುಲೈಯಲ್ಲಿ ಕೆಲಸ ಮುಗಿಯಿತು. ಬುಡದಲ್ಲಿ 16 ಅಡಿ ದಪ್ಪ, ತುದಿಯಲ್ಲಿ ಐದು ಅಡಿ. ಕಡಲ ಕಡೆಯ ಮುಖ ಒಳಬಾಗಿದ ಕಮಾನಿನಂತಿದೆ. ಬಂದ ಅಲೆಯನ್ನು ಮೇಲಕ್ಕೆತ್ತಿ ಹಿಂದಕ್ಕೆ ಎಸೆಯುವುದು ಅದರ ಉದ್ದೇಶ. ಮುಂದೆ ಗ್ರಾನೈಟ್ ಬಂಡೆಗಳ ಹಾಸು.

ಗೋಡೆ ಎರಡು ವರ್ಷದಲ್ಲಿ ಆಯಿತು. ನೆಲ ಎತ್ತುವುದಕ್ಕೆ ಏಳೆಂಟು ವರ್ಷ ಬೇಕಾಯಿತು. ಆ ವರ್ಷಗಳ ಊರಿನ ಬದುಕನ್ನು ಊಹಿಸಿಕೊಳ್ಳಿ. ಬಂದರಿನ ಬಾಯಲ್ಲಿ ಹೂಳೆತ್ತುವ ಹಡಗುಗಳು ಮರಳು ತುಂಬಿಕೊಂಡು, ಊರಿನ ನಡುವೆಯೇ ತೋಡಿದ ಕಾಲುವೆಯಲ್ಲಿ ಬರುತ್ತಿದ್ದವು. ಆ ಕಾಲುವೆಯ ದಾರಿಯಲ್ಲಿದ್ದ ಮನೆಗಳನ್ನು ಸರಿಸಿ ಬೇರೆಡೆ ಇಟ್ಟು, ಕೆಲಸ ಮುಗಿದ ಮೇಲೆ ವಾಪಸು ತರುವುದೆಂದು ಒಪ್ಪಂದವಾಗಿತ್ತು. ಊರನ್ನು ಚೌಕಚೌಕವಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಸುತ್ತ ಬದು ಹಾಕುತ್ತಿದ್ದರು. ಬದುವಿನೊಳಗಿನ ಮನೆ, ಅಂಗಡಿ, ಕೊಳವೆ, ಹಳಿ ಎಲ್ಲವನ್ನೂ ಮೊದಲು ಎತ್ತಿ ಕಂಬದ ಮೇಲೆ ನಿಲ್ಲಿಸಬೇಕು. ಆಮೇಲೆ ಹಡಗಿನಿಂದ ಕೊಳವೆಯಲ್ಲಿ ಮರಳು ಬೆರೆತ ನೀರಿನ ರಾಡಿ ಬಂದು ಮನೆಗಳ ಕೆಳಗೆ ಹರಡುತ್ತದೆ. ನೀರು ಬಸಿದು ಹೋಗುತ್ತದೆ, ಮರಳು ಉಳಿಯುತ್ತದೆ. ಒಣಗಿದ ಮೇಲೆ ಮತ್ತೊಂದು ಪದರ.

ಅಷ್ಟು ಕಾಲವೂ ಜನ ಆ ಮನೆಗಳಲ್ಲೇ ಇದ್ದರು. ಶಾಲೆಗೆ ಹೋಗುವ ಮಕ್ಕಳು, ಸಂತೆಗೆ ಹೊರಟ ಹೆಂಗಸರು, ಕಚೇರಿಗೆ ಹೋಗುವವರು ಎಲ್ಲರೂ ನೆಲದಿಂದ ಎಂಟು ಹತ್ತು ಅಡಿ ಮೇಲೆ ಹಾಕಿದ ಹಲಗೆಯ ಕಾಲುದಾರಿಯಲ್ಲಿ ನಡೆಯುತ್ತಿದ್ದರು. ಕೆಳಗೆ ಕೊಳೆತ ವಾಸನೆಯ ಕೆಸರು. ಎದುರಿನಿಂದ ಯಾರಾದರೂ ಬಂದರೆ ಓರೆಯಾಗಿ ನಿಂತು ದಾರಿ ಬಿಡಬೇಕು. ಮನೆ ಎತ್ತಿಸಲಾಗದವರು, ಅಥವಾ ದೊಡ್ಡ ಇಟ್ಟಿಗೆಯ ಬಂಗಲೆಯವರು, ನೆಲಮಾಳಿಗೆಗೆ ಮರಳು ತುಂಬಿಸಿಕೊಂಡು ಮೇಲಿನ ಅಂತಸ್ತನ್ನೇ ನೆಲದಂತಸ್ತು ಮಾಡಿಕೊಂಡರು. 1859ರಲ್ಲಿ ಕಟ್ಟಿದ ಆಷ್ಟನ್ ವಿಲ್ಲಾ ಎಂಬ ಭವ್ಯ ಮನೆಯ ಕಬ್ಬಿಣದ ಬೇಲಿಯ ಕೆಳಭಾಗ ಈಗಲೂ ನೆಲದೊಳಗಿದೆ; ಅದರ ತುದಿಯಷ್ಟನ್ನೇ ನೋಡಿದವರಿಗೆ ಬೇಲಿ ಇಷ್ಟು ಗಿಡ್ಡವೇಕೆ ಎನ್ನಿಸುತ್ತದೆ. 1911ರ ವೇಳೆಗೆ ಊರಿನ ಸುಮಾರು 500 ಬ್ಲಾಕುಗಳು ಎದ್ದು ನಿಂತಿದ್ದವು. ಕೆಲವೆಡೆ ಕೆಲವು ಅಂಗುಲ, ಗೋಡೆಯ ಹತ್ತಿರ ಹತ್ತು-ಹನ್ನೊಂದು ಅಡಿ.

ಏಳೆಂಟು ವರ್ಷ ಕೆಸರಿನ ಮೇಲೆ ಬದುಕಲು ಒಂದು ಇಡೀ ಊರು ಒಪ್ಪಿಕೊಂಡದ್ದು ನನಗೆ ಗೋಡೆಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕಾಂಕ್ರೀಟ್ ಸುರಿಯಲು ಗುತ್ತಿಗೆದಾರ ಸಾಕು. ಪ್ರತಿ ಮನೆಯವರೂ ತಮ್ಮ ಖರ್ಚಿನಲ್ಲಿ, ನಿಗದಿಯಾದ ದಿನಕ್ಕೆ, ನಿಗದಿಯಾದ ಎತ್ತರಕ್ಕೆ ಮನೆ ಎತ್ತಿಸಬೇಕೆಂದರೆ ಅದಕ್ಕೆ ಬೇರೆಯೇ ಒಂದು ಒಪ್ಪಂದ ಬೇಕು. ಒಬ್ಬ ಒಲ್ಲೆನೆಂದರೆ ಆ ಚೌಕವೇ ನಿಲ್ಲುತ್ತದೆ.

ಊರು ಎದ್ದಿತು, ಆದರೆ ಬೋಳಾಗಿತ್ತು. ಬಿರುಗಾಳಿಗೆ ಅಳಿದುಳಿದ ಮರಗಳೂ ಉಪ್ಪು ಮರಳಿನಡಿ ಸತ್ತವು. ಹುಲ್ಲೂ ಹುಟ್ಟದ ಬೂದುಬಣ್ಣದ ನೆಲ. ಆಗ ಮುಂದೆ ಬಂದವರು ಹೆಂಗಸರು. 1901ರಲ್ಲೇ ಅವರು ಮಹಿಳಾ ಆರೋಗ್ಯ ರಕ್ಷಣಾ ಸಂಘ ಕಟ್ಟಿಕೊಂಡಿದ್ದರು. ಶವಗಳಿಗೆ ಗೌರವದ ಮಣ್ಣು ಸಿಗಲಿ ಎಂಬುದು ಅವರ ಮೊದಲ ಕಾಳಜಿ. ನೆಲ ಎತ್ತರವಾದ ಚೌಕಗಳಲ್ಲಿ ಅವರು ಓಕ್, ತಾಳೆ ಜಾತಿಯ ಮರ ಮತ್ತು ಕಣಗಿಲೆ ನೆಡುತ್ತ ಹೋದರು. ಎದುರು ದಡದಿಂದ ಒಳ್ಳೆಯ ಮಣ್ಣು ತರಿಸಿ ಮರಳಿನ ಮೇಲೆ ಹರಡಬೇಕಾಯಿತು. ನಮ್ಮ ಮನೆಯಂಗಳದ ಅದೇ ಕಣಗಿಲೆ 1841ರಲ್ಲಿ ಜಮೈಕಾದಿಂದ ಆ ದ್ವೀಪಕ್ಕೆ ಬಂದಿತ್ತು. ಉಪ್ಪುಗಾಳಿಗೆ ಜಗ್ಗದ ಗಿಡ. ಗ್ಯಾಲ್ವೆಸ್ಟನ್ನಿಗೆ ಕಣಗಿಲೆಯ ನಗರವೆಂದೇ ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಮರಗಳು ಎದ್ದವು. ಮರದಿಂದ ಶುರುವಾದ ಕೆಲಸ ಹಾಲಿನ ಶುದ್ಧತೆ, ಬೀದಿಯ ಕಸ, ಮಕ್ಕಳ ಆಟದ ಮೈದಾನದವರೆಗೆ ಬೆಳೆಯಿತು. ಇಷ್ಟೆಲ್ಲ ಮಾಡಿದ ಆ ಹೆಂಗಸರಿಗೆ ಆಗ ಮತದಾನದ ಹಕ್ಕಿರಲಿಲ್ಲ. ಗೋಡೆಯ ಮೇಲೆ ಹೆಸರು ಬರೆಸಿಕೊಂಡವರು ಗಂಡಸರು, ಆದರೆ ಊರನ್ನು ಮತ್ತೆ ವಾಸಕ್ಕೆ ಯೋಗ್ಯ ಮಾಡಿದವರು ಇವರು. ಇವರೂ ಅನುಕೂಲಸ್ಥ ಬಿಳಿಯ ಕುಟುಂಬಗಳವರೇ ಎಂಬುದನ್ನೂ ಸೇರಿಸಬೇಕು.

ಪರೀಕ್ಷೆ ಬಹಳ ಕಾಯಿಸಲಿಲ್ಲ. 1915ರ ಆಗಸ್ಟಿನಲ್ಲಿ 1900ರದಕ್ಕೆ ಹೋಲಿಸಬಹುದಾದ ಚಂಡಮಾರುತ ಬಂತು. ಒಟ್ಟು ಪ್ರದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ಹಿಂದಿನ ನಗರದಲ್ಲಿ ಸತ್ತವರು ಬೆರಳೆಣಿಕೆಯಷ್ಟು.

ಗೋಡೆ ಜೀವ ಉಳಿಸಿತು, ಕಡಲತೀರವನ್ನು ತಿಂದಿತು. ಅಲೆ ಗೋಡೆಗೆ ಬಡಿದು ಹಿಂದಕ್ಕೆ ಹೋಗುವಾಗ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಅಗಲವಾಗಿದ್ದ ಮರಳದಂಡೆ ಕೆಲವೇ ದಶಕಗಳಲ್ಲಿ ಕರಗಿಹೋಯಿತು. 1990ರ ದಶಕದಿಂದ ಬೇರೆಡೆಯ ಮರಳು ತಂದು ಸುರಿಯುತ್ತಿದ್ದಾರೆ, ಅದು ಮತ್ತೆ ಕೊಚ್ಚಿಹೋಗುತ್ತದೆ, ಮತ್ತೆ ಸುರಿಯುತ್ತಾರೆ. ಹಡಗು ವ್ಯಾಪಾರವೂ ಮೆಲ್ಲಗೆ ಒಳನಾಡಿನ ಹ್ಯೂಸ್ಟನ್ನಿಗೆ ಸರಿಯಿತು. 1914ರಲ್ಲಿ ಅಲ್ಲಿಯವರೆಗೆ ಆಳದ ಹಡಗು ಕಾಲುವೆ ತೆರೆದ ಮೇಲೆ, ದ್ವೀಪದ ಅಂಚಿನಲ್ಲಿ ಲಂಗರು ಹಾಕುವ ಅಗತ್ಯ ಎಷ್ಟೋ ಹಡಗುಗಳಿಗೆ ಉಳಿಯಲಿಲ್ಲ.

ಇನ್ನೊಂದು ದೊಡ್ಡ ಪೆಟ್ಟು ಬಿದ್ದದ್ದು 2008ರ ಸೆಪ್ಟೆಂಬರ್ 13ರಂದು. ಐಕ್ ಎಂಬ ಚಂಡಮಾರುತ ಗ್ಯಾಲ್ವೆಸ್ಟನ್ನಿನಲ್ಲೇ ದಡ ಹತ್ತಿತು. ಹತ್ತು ಮೈಲಿವರೆಗೆ ಬೆಳೆದಿದ್ದ ಗೋಡೆ ಮುಂಬಾಗಿಲನ್ನು ಕಾಯುತ್ತಿತ್ತು. ನೀರು ಹಿತ್ತಿಲ ಬಾಗಿಲಿನಿಂದ, ಹಿನ್ನೀರಿನ ಕಡೆಯಿಂದ ನುಗ್ಗಿತು. ಊರಿನ ಬಹುಪಾಲು ಮನೆಗಳಿಗೆ ಉಪ್ಪುನೀರು ಹೊಕ್ಕಿತು. ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆ ಮುಚ್ಚಿ ಸಾವಿರಾರು ಜನರ ಕೆಲಸ ಹೋಯಿತು. 2000ದಲ್ಲಿ 57 ಸಾವಿರವಿದ್ದ ಜನಸಂಖ್ಯೆ 2010ರ ಜನಗಣತಿಯಲ್ಲಿ 48 ಸಾವಿರಕ್ಕಿಂತ ಕೆಳಗಿಳಿದಿತ್ತು.

ಈ ಬಾರಿಯೂ ಊರಿನವರು ಕೂತರು. ಮುನ್ನೂರಕ್ಕೂ ಹೆಚ್ಚು ನಾಗರಿಕರ ಒಂದು ಪುನಶ್ಚೇತನ ಸಮಿತಿ ಸೇರಿ, ವಸತಿ, ಆರೋಗ್ಯ, ಪರಿಸರ, ಆರ್ಥಿಕತೆ ಎಂದು ವಿಷಯವಾರು ಯೋಜನೆಗಳನ್ನು ಬರೆಯಿತು. ಆಸ್ಪತ್ರೆಯನ್ನು ದ್ವೀಪದಲ್ಲೇ ಉಳಿಸಿಕೊಳ್ಳಲು ಜನ ಪಟ್ಟುಹಿಡಿದರು, ಅದು ಉಳಿಯಿತು. ಆದರೆ ಹೆಚ್ಚು ಕಣ್ಣಿಗೆ ಬೀಳುವ ಕಥೆ ಮರಗಳದ್ದೇ. ಶತಮಾನದ ಹಿಂದೆ ಆ ಹೆಂಗಸರು ನೆಟ್ಟಿದ್ದ ಓಕ್ ಮರಗಳು ಬೀದಿಯ ಮೇಲೆ ಚಪ್ಪರದ ಹಾಗೆ ಹರಡಿದ್ದವು. ಉಪ್ಪುನೀರಿನಲ್ಲಿ ನಿಂತು ಬೇರು ಸುಟ್ಟು, ಮರುವರ್ಷ ಚಿಗುರಲೇ ಇಲ್ಲ. ದ್ವೀಪದಲ್ಲಿ ಸುಮಾರು 40,000 ಮರಗಳು ಸತ್ತವೆಂದು ಅಂದಾಜು.

ಕಡಿಯುವುದು ಅನಿವಾರ್ಯವಾದಾಗ ಕೆಲವು ಮನೆಯವರು ಬೊಡ್ಡೆಯನ್ನಾದರೂ ಉಳಿಸೋಣವೆಂದು ಶಿಲ್ಪಿಗಳನ್ನು ಕರೆಸಿದರು. ಯಂತ್ರಗರಗಸದಿಂದ ಕೊರೆದ ಕೊಕ್ಕರೆ, ಡಾಲ್ಫಿನ್, ದೇವದೂತೆ, ಸಾಕುನಾಯಿ ಎಲ್ಲ ಮನೆಗಳ ಮುಂದೆ ನಿಂತವು. ಇಂದು ಅವನ್ನು ನೋಡಲೆಂದೇ ಜನ ಬರುತ್ತಾರೆ. ಒಳ್ಳೆಯ ದಿಮ್ಮಿಗಳು ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಸೀಪೋರ್ಟ್ ವಸ್ತುಸಂಗ್ರಹಾಲಯಕ್ಕೆ ಹೋಗಿ, ಹತ್ತೊಂಬತ್ತನೆಯ ಶತಮಾನದ ತಿಮಿಂಗಿಲ ಬೇಟೆಯ ಹಡಗು ಚಾರ್ಲ್ಸ್ ಡಬ್ಲ್ಯು. ಮಾರ್ಗನ್‌ನ ದುರಸ್ತಿಗೆ ಬಳಕೆಯಾದವು. ಊರಿನಲ್ಲಿ ಮರಗಳಿಗಾಗಿಯೇ ಒಂದು ಸಂಸ್ಥೆ ಹುಟ್ಟಿ, ಮತ್ತೆ ಸಾವಿರಾರು ಸಸಿ ನೆಟ್ಟಿತು.

ಬಡವರ ಮನೆಗಳ ವಿಷಯದಲ್ಲಿ ಈ ಉತ್ಸಾಹ ಕಾಣಲಿಲ್ಲ. ಐಕ್ ಬಡಿದ ಮೇಲೆ ಸರ್ಕಾರಿ ವಸತಿ ಸಮುಚ್ಚಯಗಳ 569 ಮನೆಗಳನ್ನು ಕೆಡವಿದರು. ಅವುಗಳಲ್ಲಿದ್ದವರು ಹೆಚ್ಚಾಗಿ ಕರಿಯರು, ಬಡವರು. ಮತ್ತೆ ಕಟ್ಟುವ ಮಾತು ಬಂದಾಗ ಊರಿನಲ್ಲೇ ದೊಡ್ಡ ವಿರೋಧ ಎದ್ದಿತು. ಚುನಾವಣೆಯ ವಿಷಯವಾಯಿತು, ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಬೇರೆ ಊರಿನಲ್ಲಿ ಬೇರು ಬಿಟ್ಟಿದ್ದವು. ಊರಿನವರೇ ಮುಂದಾಳಾಗಿ ನಡೆಸಿದ ದುರಸ್ತಿಯನ್ನು ಹೊಗಳುವಾಗ ಕೇಳಬೇಕಾದ ಪ್ರಶ್ನೆ ಇದೇ: ಆ ಸಭೆಯಲ್ಲಿ ಕುರ್ಚಿ ಯಾರಿಗಿತ್ತು? 1901ರಲ್ಲಿ ಇಲ್ಲದ ಕುರ್ಚಿ 2009ರಲ್ಲೂ ಕೆಲವರಿಗೆ ಸಿಗಲಿಲ್ಲ.

ಈಗ ಮುಂದಿನ ಯೋಜನೆ ಸಿದ್ಧವಾಗಿದೆ. ಐಕ್ ಒಡ್ಡು ಎಂದು ಜನ ಕರೆಯುವ ಇದನ್ನು ಮೊದಲು ಮುಂದಿಟ್ಟವರು ಗ್ಯಾಲ್ವೆಸ್ಟನ್ನಿನಲ್ಲೇ ಪಾಠ ಹೇಳುತ್ತಿದ್ದ ವಿಜ್ಞಾನಿ ವಿಲಿಯಂ ಮೆರೆಲ್. ಹಿನ್ನೀರಿನ ಬಾಯಿಗೆ ಬೃಹತ್ ಬಾಗಿಲುಗಳು, ದಂಡೆಯುದ್ದಕ್ಕೂ ಮರಳದಿಬ್ಬ, ಊರಿನ ಹಿಂಬದಿಗೂ ರಕ್ಷಣೆ. 2022ರ ಕೊನೆಯಲ್ಲಿ ಅಮೆರಿಕದ ಸಂಸತ್ತು ಮಂಜೂರಾತಿ ಕೊಟ್ಟಾಗ ಅಂದಾಜು ವೆಚ್ಚ 3,400 ಕೋಟಿ ಡಾಲರ್. ಇದು ಒಂದು ಊರಿನವರು ಬಾಂಡು ಕೊಂಡು ಕಟ್ಟುವ ಗಾತ್ರದ್ದಲ್ಲ. ಅದರ ಬಹುಪಾಲು ಹಣ ಇನ್ನೂ ಬರಬೇಕಿದೆ; ಬಿರುಗಾಳಿಗಳು ಅದಕ್ಕಾಗಿ ಕಾಯುವುದಿಲ್ಲ.

ನಮ್ಮ ಕರಾವಳಿಯ ಓದುಗರಿಗೆ ಒಂದು ಮಾತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ನೆನಪು ಉಳ್ಳಾಲ, ಸೋಮೇಶ್ವರ, ಮರವಂತೆಯವರಿಗೆ ಮಾಸಿಲ್ಲ. ಪ್ರತಿ ಮಳೆಗಾಲದಲ್ಲೂ ಕಡಲ್ಕೊರೆತ, ಪ್ರತಿ ಬಾರಿಯೂ ಲಾರಿಗಟ್ಟಲೆ ಬಂಡೆಗಲ್ಲು. ಕಲ್ಲು ಸುರಿಯುವ ಮುನ್ನ ಗ್ರಾಮಸಭೆಯಲ್ಲಿ ಕೇಳಿ: ಈ ಗೋಡೆಯ ಮುಂದಿನ ಮರಳು ಎಲ್ಲಿಗೆ ಹೋಗುತ್ತದೆ? ಪಕ್ಕದ ಊರಿನ ದಂಡೆಗೆ ಏನಾಗುತ್ತದೆ? ಹಿಂದಿನಿಂದ ನುಗ್ಗುವ ನದಿಯ ನೀರಿಗೆ ದಾರಿ ಎಲ್ಲಿ? ದೋಣಿ ಎಳೆಯುವವರು, ಮೀನು ಒಣಗಿಸುವ ಹೆಂಗಸರು, ಬಾಡಿಗೆ ಮನೆಯವರು ಈ ಸಭೆಯಲ್ಲಿ ಇದ್ದಾರೆಯೇ? ಉತ್ತರ ಸಿಗುವವರೆಗೆ ಒಪ್ಪಿಗೆಯ ಠರಾವಿಗೆ ಸಹಿ ಹಾಕಬೇಡಿ.